ಕರೆಂಟು ಕಾರಿನಲ್ಲಿ ಬಾಣಂತಿ

ಅಮೆರಿಕಕ್ಕೆ ಹೋಗಿ ಬಂದೆನೆಂದರೆ ಎಲ್ಲರೂ ಕೇಳುವುದು ಒಂದೇ: ನಯಾಗರಾ ನೋಡಿದಿರಾ? ನೋಡಲಿಲ್ಲ. ಸ್ವಾತಂತ್ರ್ಯ ದೇವಿಯ ಪ್ರತಿಮೆ? ಅದೂ ಇಲ್ಲ. ಆ ದೇಶದಲ್ಲಿ ನಾನು ಕಣ್ಣು ಮಿಟುಕಿಸದೆ ನೋಡಿದ್ದು ಒಂದು ಹಳೆಯ ಕಾರಿನ ಮೀಟರನ್ನು. ಬಳೆಯಷ್ಟು ಅಗಲದ ಗಾಜು, ಅದರೊಳಗೆ ಸೂಜಿಯಂಥ ಒಂದು ಮುಳ್ಳು. ಅದು ಬಲದಿಂದ ಎಡಕ್ಕೆ ಸರಿಯುವುದನ್ನು ಹದಿನಾಲ್ಕು ಮೈಲಿ ಉದ್ದಕ್ಕೂ ನೋಡಿದ್ದೇನೆ. ನಯಾಗರಾ ನೋಡಿದವರ ಎದೆ ಇಷ್ಟು ಬಡಿದುಕೊಂಡಿರಲಾರದು.

ಬಂದು ನಾಲ್ಕು ತಿಂಗಳಾಯಿತು. ಪಾತ್ರೆ ತೊಳೆಯುವಾಗ, ಉತ್ತರ ಪತ್ರಿಕೆ ತಿದ್ದುವಾಗ, ಆ ಬೆಳಿಗ್ಗೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪ್ರತಿ ಸಲವೂ ಒಂದು ಜಾಗದಲ್ಲಿ ನಾನು ಆಡಿದ ಮಾತನ್ನು ನುಂಗಿಕೊಂಡು ಬೇರೆ ಮಾತು ಆಡುತ್ತೇನೆ. ಆಗ ಎಲ್ಲ ಸರಿಹೋಗುತ್ತದೆ. ಮರುಕ್ಷಣ, ಹಾಗೆ ಆಗಲಿಲ್ಲವಲ್ಲ ಎಂದು ನೆನಪಾಗುತ್ತದೆ. ಬರೆದು ಮುಗಿಸಿದರೆ ಬಿಟ್ಟೀತೇನೋ ಎಂದು ಬರೆಯುತ್ತಿದ್ದೇನೆ. ಓದುವಾಗ ನಗು ಬಂದರೆ ನಗಿ. ನನಗೂ ಬರುತ್ತದೆ, ಅರ್ಧಕ್ಕೆ ನಿಂತುಬಿಡುತ್ತದೆ, ಅಷ್ಟೆ.

ಇಟಾಸ್ಕಾ

ನಾನು ದಾವಣಗೆರೆಯ ಒಂದು ಮಹಿಳಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ಎರಡು ಸಾವಿರದ ನಾಲ್ಕರ ಫೆಬ್ರವರಿಯಲ್ಲಿ, ಶಿಕಾಗೋ ಪಕ್ಕದ ಇಟಾಸ್ಕಾ ಎಂಬ ಊರಿನ ಹೋಟೆಲೊಂದರಲ್ಲಿ ಅಧ್ಯಾಪಕರಿಗಾಗಿ ಒಂದು ವಾರದ ತರಬೇತಿ ಇತ್ತು. ಅದಕ್ಕೆ ನಾನು ಆಯ್ಕೆಯಾದದ್ದು ಹೇಗೆ ಎಂಬುದು ನಮ್ಮ ಪ್ರಾಂಶುಪಾಲರಿಗೂ ತಿಳಿಯದ ವಿಷಯ. ತರಬೇತಿಯ ವಿಷಯ ಪ್ರಯೋಗಾಲಯದಲ್ಲಿ ಸುರಕ್ಷತೆ. ಇದನ್ನು ಓದುಗರು ದಯವಿಟ್ಟು ಮರೆಯಬಾರದು. ನಾನು ಮರೆತದ್ದೇ ಸಾಕು.

ಇಟಾಸ್ಕಾದಲ್ಲಿ ಊರು ಎಂಬುದು ನನಗೆ ಕಾಣಲೇ ಇಲ್ಲ. ಕಚೇರಿ, ಹೋಟೆಲು, ಕಾರು ನಿಲ್ಲಿಸುವ ಬಯಲು, ಮತ್ತೆ ಕಚೇರಿ. ಮೂರನೆಯ ದಿನ ಎದುರಿನ ಅಂಗಡಿಗೆ ಬಾಳೆಹಣ್ಣು ತರೋಣವೆಂದು ಸೀರೆಯ ಮೇಲೆ ಕೋಟು ಹಾಕಿಕೊಂಡು ನಡೆದು ಹೊರಟೆ. ಪಾದಚಾರಿಗೆಂದು ಅಲ್ಲಿ ಏನೂ ಇರಲಿಲ್ಲ. ಪೊಲೀಸ್ ಕಾರೊಂದು ಪಕ್ಕಕ್ಕೆ ಬಂದು ನಿಂತು, ಏನಾದರೂ ತೊಂದರೆಯಾಗಿದೆಯೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿತು. ಬಾಳೆಹಣ್ಣು ಎಂದೆ. ಒಳಗಿದ್ದ ಪೊಲೀಸಿನವನು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅಂಗಡಿಗೆ ಬಿಟ್ಟ, ಕಾದಿದ್ದು ವಾಪಸ್ಸೂ ಕರೆತಂದ. ಅರ್ಧ ಡಜನ್ ಬಾಳೆಹಣ್ಣಿಗೆ ಪೊಲೀಸ್ ಕಾವಲು ನಮ್ಮಲ್ಲಿ ಮಂತ್ರಿಗಳಿಗೂ ಸಿಕ್ಕುವುದಿಲ್ಲ.

ಅಲ್ಲಿ ಚಳಿಯಲ್ಲಿ ಎರಡು ಜಾತಿ. ಟೀವಿಯಲ್ಲಿ ಒಬ್ಬಳು ಬಂದು, ಇವತ್ತಿನ ಚಳಿ ಹನ್ನೆರಡು ಡಿಗ್ರಿ (ಅವರದು ಫ್ಯಾರನ್‌ಹೀಟ್ ಲೆಕ್ಕ), ಆದರೆ ಗಾಳಿಯಿಂದಾಗಿ ನಿಮಗೆ ಅನಿಸುವುದು ಸೊನ್ನೆಗಿಂತ ಕೆಳಗೆ ಎನ್ನುತ್ತಾಳೆ. ಇರುವ ಚಳಿ ಬೇರೆ, ಅನಿಸುವ ಚಳಿ ಬೇರೆ. ನಮ್ಮ ದಾವಣಗೆರೆಯ ಸೆಕೆ ಇದ್ದಷ್ಟೇ ಅನಿಸುತ್ತದೆ. ನಾವು ಸರಳ ಜನ. ಅಂಗಡಿಯವರು ಬೀಳ್ಕೊಡುವಾಗ ಹೋಗಿ ಬನ್ನಿ ಎನ್ನುವುದಿಲ್ಲ, ಬೆಚ್ಚಗಿರಿ ಎನ್ನುತ್ತಾರೆ. ಅದು ಬರೀ ಬಾಯಿಮಾತು ಎಂದುಕೊಂಡಿದ್ದೆ. ಎಚ್ಚರಿಕೆ ಎಂದು ಆಮೇಲೆ ತಿಳಿಯಿತು.

ವಾರದ ಕೊನೆಗೆ ಸುರಕ್ಷತೆಯಲ್ಲಿ ಪರಿಣತಳು ಎಂಬ ಪ್ರಮಾಣಪತ್ರ ಕೊಟ್ಟರು. ಅದನ್ನು ಸೀರೆಗಳ ನಡುವೆ ಮಡಿಕೆ ಬೀಳದಂತೆ ಇಟ್ಟುಕೊಂಡು, ಡೆಟ್ರಾಯಿಟ್ ಕಡೆಗೆ ರೈಲು ಹತ್ತಿದೆ.

ಲಿವೋನಿಯಾ, ಅಗ್ಗಿಷ್ಟಿಕೆ ಇದ್ದ ಮನೆ

ಡೆಟ್ರಾಯಿಟ್‌ನ ಪಶ್ಚಿಮಕ್ಕಿರುವ ಲಿವೋನಿಯಾದಲ್ಲಿ ನನ್ನ ಗೆಳತಿ ಶಂಶಾದ್ ಇದ್ದಾಳೆ. ಬಿ.ಎಸ್ಸಿ. ಓದುವಾಗ ಮೂರು ವರ್ಷ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು ನಾವು. ಅವಳ ಗಂಡ ಖಲೀಲ್ ಭಾಯ್ ಗೋದಾಮುಗಳಲ್ಲಿ ಸಾಮಾನು ಎತ್ತುವ ಫೋರ್ಕ್‌ಲಿಫ್ಟ್ ಗಾಡಿಗಳ ಬ್ಯಾಟರಿ ರಿಪೇರಿ ಮಾಡುತ್ತಾರೆ. ಅವರ ತಾಯಿ, ಎಂಬತ್ತರ ಹತ್ತಿರದ ಅಮ್ಮ, ರಾಣೆಬೆನ್ನೂರಿನಿಂದ ಮೊಮ್ಮಗಳ ಬಾಣಂತನಕ್ಕೆಂದೇ ಬಂದಿದ್ದರು. ಮೊಮ್ಮಗಳು ನಸ್ರೀನ್ ಮಿಶಿಗನ್ನಿನಲ್ಲೇ ಹುಟ್ಟಿದವಳು, ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಾಳೆ. ಅವಳ ಮಗಳು ಜೋಯಾಗೆ ಆಗ ಮೂವತ್ತೇಳು ದಿನ.

ಮನೆಯೊಳಗೆ ಕಾಲಿಟ್ಟರೆ ಡೆಟ್ರಾಯಿಟ್ ಮಾಯವಾಗಿ ರಾಣೆಬೆನ್ನೂರು. ನಸ್ರೀನ್ ಕಿವಿಗೆ ಬಟ್ಟೆ ಕಟ್ಟಿಕೊಂಡು, ಕಾಲುಚೀಲದ ಮೇಲೆ ಕಾಲುಚೀಲ ಹಾಕಿಕೊಂಡು ಕೂತಿದ್ದಳು. ಇಡೀ ಮನೆಗೆ ಗೋಡೆಯೊಳಗಿನಿಂದ ಬಿಸಿಗಾಳಿ ಬರುತ್ತದೆ, ಬರಿಗಾಲಲ್ಲಿ ಓಡಾಡಬಹುದು. ಆದರೆ ಅಮ್ಮನ ಪ್ರಕಾರ ಅದು ಕಾವೇ ಅಲ್ಲ. ಕಾವು ಎಂದರೆ ಕೆಂಡದ್ದು. ಅದಕ್ಕಾಗಿ ಊರಿನಿಂದ ಕಬ್ಬಿಣದ ಪುಟ್ಟ ಅಗ್ಗಿಷ್ಟಿಕೆಯನ್ನು ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದರು. ಅವರ ಬಾಯಲ್ಲಿ ಅದು ಶೆಗಡಿ. ವಿಮಾನ ನಿಲ್ದಾಣದಲ್ಲಿ ಇದೇನು ಎಂದು ಕೇಳಿದ ಅಧಿಕಾರಿಗೆ, ಬಾಣಂತಿಗೆ ಎಂದು ಕನ್ನಡದಲ್ಲೇ ಉತ್ತರಿಸಿ ಮುಂದೆ ನಡೆದರಂತೆ.

ಮೊದಲ ದಿನ ಅವರು ಒಳಗೇ ಕೆಂಡ ಮಾಡಿ ಲೋಬಾನ ಹಾಕಿದ್ದಾರೆ, ನಾವು ಸಾಂಬ್ರಾಣಿ ಎನ್ನುವುದು. ಚಾವಣಿಯ ಹೊಗೆಗಂಟೆ ಬಡಿದುಕೊಂಡು ಬೀದಿಯ ಜನವೆಲ್ಲ ಹೊರಗೆ ಬಂದಿದೆ. ಅಂದಿನಿಂದ ಧೂಪದ ಕೆಲಸ ಕಾರು ನಿಲ್ಲಿಸುವ ಗ್ಯಾರೇಜಿಗೆ ವರ್ಗವಾಯಿತು. ಅಲ್ಲಿ ದೊಡ್ಡ ಬಾಗಿಲನ್ನು ಅರ್ಧ ಎತ್ತಿ, ಹೊರಗೆ ಹಿಮ, ಒಳಗೆ ಕೆಂಡ, ನಡುವೆ ನಸ್ರೀನ್ ಹಲ್ಲು ಕಡಿಯುತ್ತಾ ಕೂದಲಿಗೆ ಹೊಗೆ ಹಿಡಿಸಿಕೊಳ್ಳಬೇಕು. ಅವಳು ದಿನಾ ಒಂದು ಸಲ ಇಂಗ್ಲಿಷಿನಲ್ಲಿ ಪ್ರತಿಭಟಿಸುತ್ತಿದ್ದಳು, ಅಮ್ಮ ದಿನಾ ಒಂದು ಸಲ ಕನ್ನಡದಲ್ಲಿ ಅದನ್ನು ತಳ್ಳಿಹಾಕುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಪೂರ್ತಿ ಅರ್ಥವಾಗದ್ದರಿಂದ ಮನೆಯಲ್ಲಿ ಶಾಂತಿ ಇತ್ತು.

ಅದೇ ಗ್ಯಾರೇಜಿನ ಇನ್ನೊಂದು ಬದಿಯಲ್ಲಿ ಖಲೀಲ್ ಭಾಯ್ ಅವರ ಕಾರು ಇತ್ತು.

ಗುಜರಿಗೆ ಹೋಗುವ ಹಳೆಯ ಸಣ್ಣ ಕಾರು ತಂದು, ಎಂಜಿನ್ ಕಿತ್ತು ಎಸೆದು, ಫೋರ್ಕ್‌ಲಿಫ್ಟಿನ ಮೋಟಾರು ಕೂರಿಸಿದ್ದರು. ಹಿಂಭಾಗದ ತುಂಬ ಬ್ಯಾಟರಿಗಳು. ಭಾರಕ್ಕೆ ಕಾರು ಬೆನ್ನು ಬಗ್ಗಿಸಿಕೊಂಡು, ಮೂಗು ಮೇಲೆತ್ತಿ ನಿಂತಿತ್ತು. ಪೆಟ್ರೋಲಿನ ತೊಟ್ಟೂ ಬೇಡ, ಮಿಕ್ಸಿಯಂತೆ ಗೋಡೆಗೆ ಚುಚ್ಚಿದರೆ ಸಾಕು ಎಂದು ಅವರು ಹೇಳುವಾಗ ಮುಖದಲ್ಲಿ ಹೊಸ ಅಳಿಯನ ಕಳೆ. ಕಾರು ತಯಾರಿಸುವವರ ಊರಿನಲ್ಲೇ ಕೂತು ಅವರಿಗೆ ಬುದ್ಧಿ ಕಲಿಸುತ್ತೇನೆ ಎಂಬುದು ಅವರ ಆಸೆ. ಮೀಟರಿನ ಗಾಜಿನ ಮೇಲೆ ಮಾರ್ಕರಿನಲ್ಲಿ ಮೂರು ಭಾಗ ಮಾಡಿ ಕನ್ನಡದಲ್ಲಿ ಬರೆದಿದ್ದರು: ಬಲಕ್ಕೆ ಆರಾಮ, ನಡುವೆ ಹುಷಾರ್, ಎಡತುದಿಗೆ ಅಲ್ಲಾ ಮಾಲಿಕ್, ಅಂದರೆ ಇನ್ನು ದೇವರೇ ಗತಿ.

ಬೇಸಗೆಯಲ್ಲಿ ನಲವತ್ತು ಮೈಲಿ ಓಡುತ್ತದೆ ಎಂದರು. ಈಗ ಎಂದೆ. ಅವರು ಹಿಮದ ಕಡೆ ನೋಡಿದರು. ಚಳಿಗೆ ಬ್ಯಾಟರಿಯೂ ಮುದುಡಿಕೊಳ್ಳುತ್ತದಂತೆ, ಅರ್ಧಕ್ಕರ್ಧ. ಅದು ಒಂದು ಕಷ್ಟ. ಇನ್ನೊಂದು ಕಷ್ಟ ನಾನು ಊಹಿಸಿರದ್ದು. ಮಾಮೂಲಿ ಕಾರಿನಲ್ಲಿ ಎಂಜಿನ್ ಹೇಗೂ ಸುಡುತ್ತಿರುತ್ತದೆ, ಆ ಬಿಸಿಯನ್ನೇ ಒಳಗೆ ಬಿಟ್ಟರೆ ಕೂತವರಿಗೆ ಬೆಚ್ಚಗೆ, ಪುಕ್ಕಟೆ ಕಾವು. ಇಲ್ಲಿ ಎಂಜಿನ್ನೇ ಇಲ್ಲ. ಹಾಗಾಗಿ ಹೀಟರಿಗೂ ಅದೇ ಬ್ಯಾಟರಿಯ ಮುಂದೆ ಕೈಚಾಚಬೇಕು. ಅವರು ಸ್ವಿಚ್ ಒತ್ತಿ ತೋರಿಸಿದರು. ಕೂದಲು ಒಣಗಿಸುವ ಯಂತ್ರದಂಥ ಸದ್ದಾಗಿ ಬಿಸಿಗಾಳಿ ಬಂತು, ಮುಳ್ಳು ಬೆಚ್ಚಿಬಿದ್ದಂತೆ ಎಡಕ್ಕೆ ಹಾರಿತು. ತಕ್ಷಣ ಆರಿಸಿಬಿಟ್ಟರು.

"ಒಂದೋ ಬೆಚ್ಚಗಿರಬೇಕು ಮೇಡಂ, ಇಲ್ಲಾ ಮನೆ ಸೇರಬೇಕು. ಎರಡೂ ಬೇಕು ಅಂದ್ರೆ ಈ ಕಾರಲ್ಲಿ ಆಗಲ್ಲ," ಎಂದರು.

ಲಿವೋನಿಯಾ, ನಲವತ್ತನೆಯ ದಿನ

ನಲವತ್ತನೆಯ ದಿನ ತಾಯಿ ಮಗುವಿಗೆ ಸ್ನಾನ ಮಾಡಿಸಿ ಗಂಡನ ಮನೆಗೆ ಕಳಿಸುವ ಪದ್ಧತಿ. ಗಂಡನ ಮನೆ ಇಪ್ಪತ್ತು ಮೈಲಿ ಆಚೆ, ಆನ್ ಆರ್ಬರಿನಲ್ಲಿ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ನೆಂಟರೆಲ್ಲ ಅಲ್ಲಿ ಸೇರುವವರಿದ್ದರು. ಶಂಶಾದ್ ಬೆಳಿಗ್ಗೆಯೇ ಬಿರಿಯಾನಿ ತುಂಬಿದ ಎರಡು ದೊಡ್ಡ ಹಂಡೆ, ತೊಟ್ಟಿಲು ಎಲ್ಲವನ್ನೂ ವ್ಯಾನಿಗೆ ಹೇರಿಕೊಂಡು ತಾನೇ ಡ್ರೈವ್ ಮಾಡಿಕೊಂಡು ಹೋದಳು. ಅವುಗಳನ್ನು ಇಳಿಸಿ, ವಾಪಸ್ ಬಂದು ನಮ್ಮನ್ನು ಕರೆದೊಯ್ಯುವುದು ಎಂದು ಮಾತು.

ಹತ್ತೂವರೆಗೆ ಫೋನು ಬಂತು. ಬೀಗರ ಬೀದಿಯಲ್ಲಿ ರಸ್ತೆ ಸಿಬ್ಬಂದಿ ತಳ್ಳಿದ ಹಿಮದ ಗುಡ್ಡೆಗೆ ವ್ಯಾನಿನ ಚಕ್ರ ಸಿಕ್ಕಿಕೊಂಡಿದೆ, ಬೀಗರ ಕಾರೂ ಅದರ ಹಿಂದೆ ಸಿಕ್ಕಿಬಿದ್ದಿದೆ, ಎಳೆಯುವ ಲಾರಿ ಬರಲು ಎರಡು ತಾಸು.

ಖಲೀಲ್ ಭಾಯ್ ಫೋನ್ ಇಟ್ಟು ನಮ್ಮ ಕಡೆ ತಿರುಗಿದರು. ಏನು ಹೇಳುತ್ತಾರೆಂದು ಎಲ್ಲರಿಗೂ ಗೊತ್ತಾಯಿತು.

ಅವರು ಲೆಕ್ಕವನ್ನು ಆಗಲೇ ಮಾಡಿಟ್ಟಿದ್ದರು. ಹೀಟರ್ ಹಾಕಿದರೆ ಹದಿಮೂರು ಮೈಲಿ. ಹಾಕದಿದ್ದರೆ ಇಪ್ಪತ್ತೊಂದು. ದಾರಿ ಇಪ್ಪತ್ತು. ಹೆದ್ದಾರಿ ಬೇಡ, ಪ್ಲಿಮತ್ ರಸ್ತೆಯಲ್ಲಿ ನಿಧಾನವಾಗಿ ಹೋಗೋಣ. ರೇಡಿಯೋ ಇಲ್ಲ, ಹೀಟರ್ ಇಲ್ಲ. ಒಂದು ಮೈಲಿ ಕೈಯಲ್ಲಿ ಉಳಿಯುತ್ತದೆ. ಇದನ್ನೆಲ್ಲ ಅವರು ಮಗಳ ಕಡೆ ನೋಡಿ ಹೇಳಿದರೂ ಹೇಳಿದ್ದು ತಾಯಿಗೆ.

ಹೊರಗೆ ಒಂಬತ್ತು ಡಿಗ್ರಿ. ನಮ್ಮ ಲೆಕ್ಕದಲ್ಲಿ ಸೊನ್ನೆಯಿಂದ ಹದಿಮೂರು ಕೆಳಗೆ. ಅಮ್ಮ ಹೇಳಿದ್ದು ಇಷ್ಟೇ: "ನಲವತ್ತು ದಿನಾ ನಾ ಜ್ವಾಪಾನ ಮಾಡಿದ ಬಾಣಂತಿನ್ನ, ಕಡೀ ದಿನಾ ನಿನ್ನ ಡಬ್ಬಿಯೊಳಗ ಹಾಕಿ ಥಂಡಿಗೆ ಕೊಡಲಿ?"

ಹತ್ತು ನಿಮಿಷ ಇಬ್ಬರೂ ಜಗ್ಗಾಡಿದರು. ಮಗನಿಗೆ ದೂರದ ಚಿಂತೆ, ತಾಯಿಗೆ ಕಾವಿನ ಚಿಂತೆ. ಇಬ್ಬರೂ ಸರಿ, ಅದೇ ಫಜೀತಿ. ಕೊನೆಗೆ ಅಮ್ಮ ಎದ್ದು ಗ್ಯಾರೇಜಿಗೆ ಹೋದರು. ಬೆಳಗಿನ ಧೂಪಕ್ಕೆ ಮಾಡಿದ ಕೆಂಡ ಶೆಗಡಿಯಲ್ಲಿ ಇನ್ನೂ ಕೆಂಪಗಿತ್ತು. ಅದಕ್ಕೆ ಮತ್ತಷ್ಟು ಇದ್ದಿಲು ಸುರಿದು, ಬೀಸಣಿಗೆಯಿಂದ ಬೀಸಿ, ಹೊಗೆಯೆಲ್ಲ ಹೋಗುವ ತನಕ ಕಾದು, ಮರಳು ತುಂಬಿದ ಉಕ್ಕಿನ ಬಕೆಟಿನಲ್ಲಿ ಕೂರಿಸಿ ತಂದು ಕಾರಿನ ಮುಂದೆ ಇಟ್ಟರು. ಬ್ಯಾಟರಿಯಿಂದ ಒಂದು ಹನಿ ಕರೆಂಟೂ ಬೇಡ.

ಖಲೀಲ್ ಭಾಯ್ ಬಕೆಟ್ಟನ್ನು ನೋಡಿದರು, ಮೀಟರನ್ನು ನೋಡಿದರು. ಎಂಜಿನಿಯರನ ಮುಖದಲ್ಲಿ ನಿಧಾನವಾಗಿ ಮೆಚ್ಚುಗೆ ಮೂಡಿತು.

ನಸ್ರೀನ್ ಮಾತ್ರ ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳು ನನ್ನ ಕಡೆ ತಿರುಗಿದಳು. "ಆಂಟಿ, ಯು ಟೀಚ್ ಕೆಮಿಸ್ಟ್ರಿ, ರೈಟ್? ಇಸ್ ದಿಸ್ ಓಕೆ?"

ನಾನು ಬಗ್ಗಿ ನೋಡಿದೆ. ದಿನಾ ಆ ಗ್ಯಾರೇಜಿನಲ್ಲಿ ನಿಂತು ನಿಂತು, ಮೂರು ದಿನದಿಂದ ನನ್ನ ಪಾದಗಳು ನನ್ನವಾಗಿರಲಿಲ್ಲ. ಕೆಂಡದ ಝಳ ಮುಖಕ್ಕೆ ಬಡಿದಾಗ ಆದ ಸುಖ ಹೇಳತೀರದು.

"ಹೊಗೆ ಪೂರ್ತಿ ಹೋಗಿದೆ, ಬರೀ ಕೆಂಡ. ಏನೂ ಆಗಲ್ಲಮ್ಮ," ಎಂದೆ.

ನಾನು ನುಂಗಿಕೊಳ್ಳಲು ನೋಡುವ ಮಾತು ಇದೇ. ಹತ್ತೊಂಬತ್ತು ವರ್ಷದಿಂದ ಪ್ರತಿ ಆಗಸ್ಟಿನಲ್ಲಿ ಕಪ್ಪುಹಲಗೆಯ ಮುಂದೆ ನಿಂತು ಹೇಳುತ್ತೇನೆ: ಇದ್ದಿಲು ಗಾಳಿ ಸಾಲದ ಕಡೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಮೊದಲು ರಕ್ತವನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಂತಿ, ಮಂಪರು, ಆಮೇಲೆ ಎಚ್ಚರವಾಗದ ನಿದ್ದೆ. ಐದು ಅಂಕದ ಪ್ರಶ್ನೆ, ಬರೆದುಕೊಳ್ಳಿ. ಹುಡುಗಿಯರು ಬರೆದುಕೊಳ್ಳುತ್ತಾರೆ. ಅವತ್ತು ಲಿವೋನಿಯಾದಲ್ಲಿ ಆ ಪ್ರಶ್ನೆಗೆ ನನಗೆ ಬಂದದ್ದು ಸೊನ್ನೆ.

ಪ್ಲಿಮತ್ ರಸ್ತೆ

ಹಿಂದೆ ಅಮ್ಮ, ನಸ್ರೀನ್, ಇಬ್ಬರ ನಡುವೆ ಮಗುವಿನ ಕುರ್ಚಿ. ಮುಂದೆ ಖಲೀಲ್ ಭಾಯ್ ಪಕ್ಕದಲ್ಲಿ ನಾನು. ಬಕೆಟ್ಟು ನನ್ನ ಎರಡು ಪಾದಗಳ ನಡುವೆ. ಸುರಕ್ಷತೆಯ ಪರಿಣತಳು ಎಂದು ಕಾಯುವ ಕೆಲಸ ನನಗೇ ಬಂದಿತ್ತು. ಮೊದಲ ಮೈಲಿಗೆ ಹೆಬ್ಬೆರಳು ಮರಳಿ ಬಂತು. ಎರಡನೆಯ ಮೈಲಿಗೆ ಉಳಿದ ಎಂಟೂ ಬಂದವು ಎಂದು ಲೆಕ್ಕ ಹಾಕಿ, ಇನ್ನೊಂದು ಎಲ್ಲಿ ಎಂದು ಯೋಚಿಸುತ್ತಿದ್ದೆ. ತಲೆ ಆಗಲೇ ಸರಿಯಿರಲಿಲ್ಲವೇನೋ.

ಕಾರು ಸದ್ದೇ ಇಲ್ಲದೆ ಗಂಟೆಗೆ ಇಪ್ಪತ್ತೈದು ಮೈಲಿಯಲ್ಲಿ ಜಾರುತ್ತಿತ್ತು. ಹಿಂದೆ ಹನ್ನೆರಡು ಕಾರುಗಳ ಸಾಲು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ನಮ್ಮ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಹೀಗೆ ಹೋಗಿದ್ದರೆ ಮೂರು ತಲೆಮಾರಿನ ವಿಚಾರ ಕೇಳಬೇಕಿತ್ತು. ಇಲ್ಲಿ ಮೆರವಣಿಗೆಯಂತೆ ತಾಳ್ಮೆಯಿಂದ ಬಂದು, ಜಾಗ ಸಿಕ್ಕಾಗ ಪಕ್ಕದಿಂದ ದಾಟಿ, ಒಮ್ಮೆ ನಮ್ಮನ್ನು ತಿರುಗಿ ನೋಡಿ ಹೋಗುತ್ತಿದ್ದರು. ಒಂದು ಮುದುಕಿಯ ಕಾರು ದಾಟುವಾಗ ಅವಳು ಕೈಬೀಸಿದಳು. ಖಲೀಲ್ ಭಾಯ್ ಅದನ್ನು ತಮ್ಮ ಕಾರಿಗೆ ಸಂದ ಗೌರವವೆಂದು ಸ್ವೀಕರಿಸಿದರು.

ಅವರು ಬ್ರೇಕ್ ಹಾಕುವುದೆಂದರೆ ಹಲ್ಲು ಕೀಳಿಸಿಕೊಂಡಂತೆ. ಒಮ್ಮೆ ನಿಂತು ಮತ್ತೆ ಹೊರಡಲು ಎಷ್ಟು ಕರೆಂಟು ಬೇಕು ಗೊತ್ತೇ ಎನ್ನುತ್ತಾ, ದೂರದಲ್ಲಿ ಕೆಂಪು ದೀಪ ಕಂಡರೆ ಕಾಲು ಮೈಲಿ ಮೊದಲೇ ಕಾಲು ತೆಗೆದು, ಹಸಿರಾಗು ಹಸಿರಾಗು ಎಂದು ಅದಕ್ಕೆ ಹೇಳುತ್ತಿದ್ದರು. ನಮ್ಮ ಉಸಿರಿಗೆ ಗಾಜುಗಳ ಒಳಬದಿಯೇ ಹಿಮಗಟ್ಟುತ್ತಿತ್ತು. ಊರಿಗೆ ಫೋನ್ ಮಾಡುವ ಕಾಲಿಂಗ್ ಕಾರ್ಡಿನಿಂದ ಅದನ್ನು ಕೆರೆಯುವುದು ಇನ್ನೊಂದು ಕೆಲಸ. ಕೆಂಡದ ಝಳಕ್ಕೆ ಐದಾರು ಮೈಲಿ ಕಳೆಯುವಷ್ಟರಲ್ಲಿ ನಮ್ಮ ಮುಂದಿನ ಗಾಜು ತಾನಾಗಿ ತಿಳಿಯಾಯಿತು. ಅವರ ಸಂತೋಷ ಕೇಳಬೇಡಿ. ಒಂದು ಶೆಗಡಿಯಿಂದ ಬಾಣಂತಿಗೆ ಕಾವು, ಡ್ರೈವರನಿಗೆ ದಾರಿ. ಈ ಅಮೆರಿಕನ್ನರಿಗೆ ಇದು ಹೊಳೆದೇ ಇಲ್ಲವಲ್ಲ ಎಂದರು.

ಗಾಳಿ ಬರಬಾರದೆಂದು ಅಮ್ಮ ಕಿಟಕಿಯ ಸಂದಿಗಳಿಗೆ ಶಾಲು ತುರುಕಿದರು. ಚಿಟಿಕೆ ಲೋಬಾನವನ್ನು ನನ್ನ ಭುಜದ ಮೇಲಿಂದ ಕೆಂಡಕ್ಕೆ ಉದುರಿಸಿದರು. ಕಾರು ಘಮ್ಮೆಂದಿತು. ವಾಸನೆ ಇಲ್ಲದ ವಿಷಕ್ಕೆ ನಾವಾಗಿ ಸುವಾಸನೆ ಕೊಟ್ಟಿದ್ದೆವು.

ಮುಳ್ಳು ಎಂಟನೆಯ ಮೈಲಿಗೆ ಹುಷಾರ್ ದಾಟುತ್ತಿತ್ತು. ಅದು ಅಷ್ಟು ಬೇಗ ಅಲ್ಲಿಗೆ ಬರಬಾರದಿತ್ತು. ಇಂದಿನ ಚಳಿ ತಮ್ಮ ಲೆಕ್ಕಕ್ಕಿಂತ ಹೆಚ್ಚಿರಬೇಕು ಎಂದು ಖಲೀಲ್ ಭಾಯ್ ಗೊಣಗಿದರು. ಆಮೇಲೆ ಮಾತು ನಿಲ್ಲಿಸಿದರು. ಎಲ್ಲರೂ ನಿಲ್ಲಿಸಿದೆವು. ಮುಳ್ಳಿನ ಭಯಕ್ಕೆ ಎಂದುಕೊಂಡೆ. ಹೊರಟಾಗಿನಿಂದ ಅಳುತ್ತಿದ್ದ ಜೋಯಾ ಸುಮ್ಮನಾಗಿದ್ದಳು.

"ನೋಡ್ರೀ ಬಾಯಾರ," ಎಂದರು ಅಮ್ಮ. ಅಧ್ಯಾಪಕಿಯಾದ್ದರಿಂದ ಅವರು ನನ್ನನ್ನು ಕರೆಯುತ್ತಿದ್ದದ್ದು ಹಾಗೆ. "ಕಾವು ಹತ್ತಿದ ಕೂಡ್ಲೇ ಕೂಸು ಹೆಂಗ ಮಲಗೈತಿ."

ಹ್ಞೂಂ ಎಂದೆ. ಹಣೆಯ ಮೇಲೆ ಯಾರೋ ಬಟ್ಟೆ ಬಿಗಿಯಾಗಿ ಕಟ್ಟಿದಂತಿತ್ತು. ರಾತ್ರಿಯ ನಿದ್ದೆಗೇಡು ಎಂದುಕೊಂಡೆ. ಹೊಟ್ಟೆ ತೊಳೆಸುತ್ತಿತ್ತು, ಬೆಳಗಿನ ಖೀಮಾ ಸಮೋಸ ಎಂದುಕೊಂಡೆ. ಕಣ್ಣು ಎಳೆಯುತ್ತಿತ್ತು, ಬೆಚ್ಚಗಿದೆಯಲ್ಲ ಎಂದುಕೊಂಡೆ. ಪಾಠದ ಒಂದೊಂದು ಲಕ್ಷಣವೂ ಸಾಲಾಗಿ ಬಂದು ಎದುರಿಗೆ ನಿಂತರೂ, ಒಂದೊಂದಕ್ಕೂ ಒಂದೊಂದು ಸುಳ್ಳು ಹೆಸರು ಕೊಟ್ಟು ಕಳಿಸುತ್ತಿದ್ದೆ. ಕಾರು ಒಮ್ಮೆ ರಸ್ತೆಯ ಅಂಚಿಗೆ ಸರಿದು ಮತ್ತೆ ನೇರವಾಯಿತು. ಖಲೀಲ್ ಭಾಯ್ ತಲೆ ಕೊಡವಿಕೊಂಡರು. ಹೊರಗೆ ಬಿಳಿಯ ಹೊಲಗಳು, ಬಿಳಿಯ ಆಕಾಶ. ಎಷ್ಟು ಹಾಯಾಗಿದೆ ಎಂದು ನನಗೆ ಅನಿಸಿದ್ದು ಸ್ಪಷ್ಟವಾಗಿ ನೆನಪಿದೆ. ನೆನೆದಾಗಲೆಲ್ಲ ಮೈ ನಡುಗುವುದು ಅದಕ್ಕೇ, ಆ ಹಾಯಿಗೆ.

ಹದಿನಾಲ್ಕನೆಯ ಮೈಲಿ

ಮುಳ್ಳು ಅಲ್ಲಾ ಮಾಲಿಕ್ ತಲುಪಿ ಒರಗಿತು. ಕಾರು ನಿಟ್ಟುಸಿರಿನಂಥ ಸದ್ದು ಮಾಡಿ, ಜಾರುತ್ತಾ ಹೋಗಿ ರಸ್ತೆ ಬದಿಯ ಹಿಮಕ್ಕೆ ಮೂಗು ತಾಗಿಸಿ ನಿಂತಿತು.

ಖಲೀಲ್ ಭಾಯ್ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡೇ, ಹದಿನೈದು ನಿಮಿಷ ಸುಮ್ಮನೆ ಬಿಟ್ಟರೆ ಬ್ಯಾಟರಿಗೆ ಸ್ವಲ್ಪ ಜೀವ ಬರುತ್ತದೆ, ಅಲ್ಲಿಯ ತನಕ ಬೆಚ್ಚಗೆ ಕೂತಿರೋಣ ಎಂದರು. ಒಳ್ಳೆಯ ಯೋಚನೆ ಎಂದು ನನಗೂ ಅನಿಸಿತು. ಕಣ್ಣು ಮುಚ್ಚಿದೆ.

ಆದರೆ ಅವರಿಗೆ ಮನಸ್ಸು ತಡೆಯಲಿಲ್ಲ. ಆ ಕಾರು ಅವರಿಗೆ ಮಗುವಿದ್ದಂತೆ, ಮಗು ಬಿದ್ದರೆ ತಂದೆ ಸುಮ್ಮನಿರುತ್ತಾನೆಯೇ? ಹೋಗಿ ಒಮ್ಮೆ ಬ್ಯಾಟರಿ ನೋಡುತ್ತೇನೆಂದು ಇಳಿದರು. ತಮ್ಮ ಬಾಗಿಲನ್ನು ಹಾಗೇ ಬಿಟ್ಟು, ಹಿಂದೆ ಹೋಗಿ, ಕಾರಿನ ಹಿಂಬಾಗಿಲನ್ನು ಪೂರ್ತಿ ಮೇಲಕ್ಕೆತ್ತಿದರು. ಮಿಶಿಗನ್ನಿನ ಅಷ್ಟೂ ಚಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಟಿತು.

ಅಮ್ಮ ಬೈದದ್ದನ್ನು ಇಲ್ಲಿ ಪೂರ್ತಿ ಬರೆಯಲಾರೆ. ಬಾಗಲಾ ಮುಚ್ಚೋ, ಬಾಣಂತಿ ಇದ್ದಾಳ ಒಳಗ ಎಂಬುದು ಅದರ ಸಾರ. ನಾನೂ ಸುಮ್ಮನಿರಲಿಲ್ಲ. ಖಲೀಲ್ ಭಾಯ್, ದಯವಿಟ್ಟು ಬಾಗಿಲು ಹಾಕಿ ಎಂದು ಎರಡು ಸಲ ಕೂಗಿದೆ. ನಮ್ಮನ್ನು ಉಳಿಸುತ್ತಿದ್ದ ಬಾಗಿಲನ್ನು ಮುಚ್ಚಿಸಲು ನಾವಿಬ್ಬರೂ ಗಂಟಲು ಹರಿದುಕೊಂಡೆವು. ಅವರು ಮುಚ್ಚಲಿಲ್ಲ, ಏಕೆಂದರೆ ಆ ಹೊತ್ತಿಗೆ ಬಂಪರಿಗೆ ಒರಗಿ ಹಿಮದಲ್ಲಿ ವಾಂತಿ ಮಾಡುತ್ತಿದ್ದರು. ಸಮೋಸವೇ, ಸಂಶಯವಿಲ್ಲ ಎಂದುಕೊಂಡೆ.

ಹಿಮ ತಳ್ಳುವ ದೊಡ್ಡ ಲಾರಿಯೊಂದು ನಮ್ಮ ಹಿಂದೆ ಬಂದು ನಿಂತಿತು. ಗಡ್ಡದ, ಬಾಗಿಲಿನಷ್ಟು ಅಗಲದ ಒಬ್ಬ ಇಳಿದು ಬಂದ. ಗಾಡಿ ಕೆಟ್ಟಿದೆಯೇ ಎಂದು ಕೇಳುತ್ತಲೇ ತೆರೆದ ಬಾಗಿಲಿನಿಂದ ಒಳಗೆ ಬಗ್ಗಿದ. ಅವನ ಕಣ್ಣು ನನ್ನ ಪಾದಗಳ ನಡುವೆ ನಿಂತಿತು. ತಕ್ಷಣ ಡ್ರೈವರ್ ಸೀಟಿನ ಮೇಲೆ ಮಂಡಿಯೂರಿ, ಕೈಗವಸು ಹಾಕಿದ ಕೈಯಿಂದ ಬಕೆಟ್ಟನ್ನು ಎಳೆದು, ಅಷ್ಟು ದೂರಕ್ಕೆ ಹಿಮದೊಳಗೆ ಎಸೆದ. ಚುಂಯ್ ಎಂದು ಹಬೆ ಎದ್ದಿತು. ಕಳ್ಳ, ಶೆಗಡಿ ಕಳ್ಳ ಎಂದು ಅಮ್ಮ ಅವನ ಮೇಲೆ ಏರಿಹೋದರು. ಅವನು ಅವರನ್ನೇ ಮಗುವಿನಂತೆ ಎತ್ತಿ ಹೊರಗೆ ನಿಲ್ಲಿಸಿದ.

ಎಲ್ಲರೂ ಹೊರಗೆ ಬನ್ನಿ, ಮಗುವನ್ನು ಮೊದಲು ಕೊಡಿ ಎಂದು ಅವನು ಹೇಳುತ್ತಿದ್ದ. ಇಲ್ಲಿ ಕೆರೆ ಗಟ್ಟಿಯಾದ ಮೇಲೆ ಅದರ ಮೇಲೆ ಹಲಗೆಯ ಗುಡಿಸಲು ಎಳೆದು ತಂದು, ಒಳಗೆ ಒಲೆ ಇಟ್ಟುಕೊಂಡು, ತೂತು ಕೊರೆದು ಮೀನು ಹಿಡಿಯುವ ಹುಚ್ಚು ಜನರಿಗಿದೆಯಂತೆ. ಅವನ ಭಾವಮೈದುನ ಹಾಗೆ ಹೋದವನು ಗಾಳಕೋಲು ಹಿಡಿದುಕೊಂಡೇ ಕೂತಿದ್ದನಂತೆ. ನಿದ್ದೆ ಮಾಡುತ್ತಿದ್ದಾನೆ ಎಂದು ಎಲ್ಲರೂ ಅಂದುಕೊಂಡಿದ್ದರಂತೆ. ಹೀಗೆ ಹೇಳುತ್ತಾ, ನನ್ನ ಮುಖಕ್ಕೆ ಮುಖ ತಂದು, ಕಾರ್ಬನ್ ಮಾನಾಕ್ಸೈಡ್ ಎಂಬುದನ್ನು ಕೇಳಿದ್ದೀರಾ ಎಂದ.

ಕೇಳಿದ್ದೇನೆ ಎಂದೆ.

ನಸ್ರೀನ್ ಮಗುವಿನ ಬೆಲ್ಟು ಬಿಚ್ಚುತ್ತಿದ್ದಳು. ಬೆರಳು ಆಡುತ್ತಿರಲಿಲ್ಲ. ಅವಳೂ ತೂರಾಡುತ್ತಿದ್ದಳು. ಕುರ್ಚಿಯಿಂದ ಎತ್ತಿದ ಜೋಯಾಳ ತಲೆ ಒಂದು ಪಕ್ಕಕ್ಕೆ ವಾಲಿತು. ಅಮ್ಮನ ಬೈಗುಳ ನಿಂತಿತು. ಅವನು ಮಗುವನ್ನು ತೆಗೆದುಕೊಂಡು ಗಾಳಿಗೆ ಮುಖ ಮಾಡಿ ಹಿಡಿದು, ಅದರ ಅಂಗಾಲಿಗೆ ತಟ್ಟಿದ. ಮತ್ತೆ ತಟ್ಟಿದ. ನಾನು ಎಣಿಸುತ್ತಿದ್ದೆ, ಏನನ್ನು ಎಂದು ಈಗಲೂ ಗೊತ್ತಿಲ್ಲ. ಹನ್ನೊಂದಕ್ಕೆ ಅದು ಮುಖ ಕಿವುಚಿತು. ಆಮೇಲೆ ಒಂಬತ್ತು ಡಿಗ್ರಿಯ ಚಳಿಯಲ್ಲಿ, ನಲವತ್ತು ದಿನದ ಕೂಸು, ಬಾಯಿ ತೆರೆದು ಪ್ಲಿಮತ್ ರಸ್ತೆ ಉದ್ದಕ್ಕೂ ಕೇಳುವಂತೆ ಅತ್ತಿತು.

ಅವನು ಗಡ್ಡ ಅಲ್ಲಾಡಿಸಿ, ಒಳ್ಳೇ ಹುಡುಗಿ ಎಂದ. ಬಾಣಂತಿಯನ್ನೂ ಮಗುವನ್ನೂ ತನ್ನ ಲಾರಿಯಲ್ಲಿ ಕೂರಿಸಿ ಆಂಬುಲೆನ್ಸಿಗೆ ಫೋನ್ ಮಾಡಿದ.

ಆನ್ ಆರ್ಬರ್

ಆಸ್ಪತ್ರೆಯಲ್ಲಿ ನಮಗೆಲ್ಲ ಮೂಗಿನ ಮೇಲೆ ಮುಖವಾಡ ಕಟ್ಟಿ ಆಮ್ಲಜನಕ ಕೊಟ್ಟರು. ರಕ್ತ ತೆಗೆದು ನೋಡಿದರು. ತಾಯಿಗೂ ಮಗುವಿಗೂ ಅಪಾಯವಿಲ್ಲ, ಸಂಜೆಯವರೆಗೆ ಇದ್ದು ಹೋಗಿ ಎಂದರು. ಕಾರಿನಲ್ಲಿ ಕೆಂಡ ಏಕೆ ಇತ್ತು ಎಂದು ನರ್ಸು ಕೇಳಿದಾಗ ನಸ್ರೀನ್ ಹೇಳಲು ಹೊರಟು, ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ನಕ್ಕಳು, ಆಮೇಲೆ ಅತ್ತಳು. ಶಂಶಾದ್ ಬೀಗರೊಂದಿಗೆ ಓಡಿ ಬಂದಳು. ಮಗಳನ್ನು ತಬ್ಬಿಕೊಂಡಳು, ಗಂಡನಿಗೆ ಬೈದಳು, ನನ್ನ ಕೈ ಹಿಡಿದು ನಿನಗೇನೂ ಆಗಲಿಲ್ಲವಲ್ಲ ಸರಳಾ ಎಂದಳು. ಆ ಕೈಯನ್ನು ಬಿಡಿಸಿಕೊಳ್ಳಬೇಕು ಅನಿಸಿತು. ನೆಂಟರ ಊಟ ನಿಲ್ಲಲಿಲ್ಲ. ಎರಡು ಡಬ್ಬಿ ಬಿರಿಯಾನಿ ಆಸ್ಪತ್ರೆಗೂ ಬಂತು. ನರ್ಸುಗಳು ಹಸಿರುಮೆಣಸಿನಕಾಯಿಯನ್ನು ಬೀನ್ಸ್ ಎಂದು ತಿಂದು ಆಮ್ಲಜನಕ ನಮಗಿಂತ ಅವರಿಗೇ ಬೇಕಾಯಿತು.

ಖಲೀಲ್ ಭಾಯ್ ಪಕ್ಕದ ಹಾಸಿಗೆಯಲ್ಲಿ ಚಾವಣಿ ನೋಡುತ್ತಾ ಮಲಗಿದ್ದರು. ಬಹಳ ಹೊತ್ತಿನ ಮೇಲೆ ಮುಖವಾಡ ಸರಿಸಿ, "ಮೇಡಂ, ನಾನು ಹೇಳಿದಷ್ಟು ಮೈಲಿ ಅದು ಓಡಿದ್ರೆ?" ಎಂದರು.

ಇನ್ನೂ ಆರು ಮೈಲಿ, ಆ ಮುಚ್ಚಿದ ಕಾರಿನಲ್ಲಿ, ಎಂದು ಲೆಕ್ಕ ಹಾಕಿದೆ. ಅವರು ಮುಖವಾಡ ಹಾಕಿಕೊಂಡು ಗೋಡೆಗೆ ತಿರುಗಿದರು.

ಈಚೆಯ ಹಾಸಿಗೆಯಲ್ಲಿ ಅಮ್ಮ. ಅವರಿಗೆ ಯಾರೂ ಸರಿಯಾಗಿ ಏನೂ ಹೇಳಿರಲಿಲ್ಲ. ಹೊಗೆ ಇರ್ಲಿಲ್ಲಲ್ಲ, ಮತ್ತೇನಿತ್ತು ಎಂದು ನನ್ನನ್ನು ಕೇಳಿದರು. ನಾನು ಅವರ ಹಾಸಿಗೆಯ ಅಂಚಿಗೆ ಬಂದು ಕೂತು, ಪಾಠ ಮಾಡುವಂತೆ ಎಲ್ಲ ಹೇಳಿದೆ. ಕಾಣದ ಗಾಳಿ, ವಾಸನೆ ಇಲ್ಲದ್ದು, ಗ್ಯಾರೇಜಿನಲ್ಲಿ ಬಾಗಿಲು ತೆರೆದಿದ್ದರಿಂದ ಏನೂ ಆಗದ್ದು, ಮುಚ್ಚಿದ ಕಾರಿನಲ್ಲಿ ರಕ್ತಕ್ಕೆ ಸೇರಿದ್ದು. ಅವರು ರೆಪ್ಪೆ ಹೊಡೆಯದೆ ಕೇಳಿದರು. ಅಷ್ಟು ಗಮನವಿಟ್ಟು ಕೇಳುವ ವಿದ್ಯಾರ್ಥಿನಿ ನನಗೆ ಹತ್ತೊಂಬತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ.

"ಇದೆಲ್ಲಾ ನಿಮಗ ಮೊದಲ ಗೊತ್ತಿತ್ತೇನ್ರೀ ಬಾಯಾರ?"

"ಗೊತ್ತಿತ್ತು ಅಮ್ಮ."

"ಹುಡುಗಿ ನಿಮ್ಮನ್ನ ಕೇಳಿದ್ಲು."

"ಕೇಳಿದ್ಲು."

"ಮತ್ತ ಯಾಕ ಹೇಳ್ಲಿಲ್ಲ?"

ಮರೆತೆ ಎನ್ನಬಹುದಿತ್ತು. ದೊಡ್ಡವರ ಮಾತಿಗೆ ಎದುರಾಡಬಾರದೆಂದು ಸುಮ್ಮನಿದ್ದೆ ಎನ್ನಬಹುದಿತ್ತು. ಎರಡೂ ನಾಲಿಗೆಯ ತುದಿಗೆ ಬಂದವು.

"ಕಾಲಿಗೆ ಚಳಿಯಾಗಿತ್ತು ಅಮ್ಮ," ಎಂದೆ.

ಅವರು ತಮ್ಮ ಹೊದಿಕೆಯ ಅರ್ಧವನ್ನು ಎಳೆದು ನನ್ನ ಕಾಲಿನ ಮೇಲೆ ಹಾಕಿದರು.

"ಥಂಡಿ ನನಗೂ ಆಗಿತ್ರೀ," ಎಂದರು. "ಆದರ ನಾ ಸಾಲಿ ಕಲಿತಾಕಿ ಅಲ್ಲ."